ಎಳೆದರೆ ಬಿಚ್ಚಬೇಕು

ಆಷಾಢ ಹಿಡಿಯಿತೆಂದರೆ ಕೆಜಿಎಫ್‌ನಲ್ಲಿ
ಗುಡ್ಡಗಳು ಎದ್ದು ನಡೆಯುತ್ತವೆ.
ಸೈನೈಡ್ ದಿಬ್ಬದ ಬೂದಿಪುಡಿ
ಮೊದಲು ಲೈನು ಮನೆಗಳ ತಗಡಿಗೆ,
ಆಮೇಲೆ ಒಣಹಾಕಿದ ಸೀರೆಗೆ, ಮೊಸರಿನ ಬಟ್ಟಲಿಗೆ,
ಕೊನೆಗೆ, ಹೇಳದೆ ಕೇಳದೆ,
ನನ್ನ ನೀಲಿ ಮಾರುತಿಯ ಬಾನೆಟ್ಟಿಗೆ.
ಮುಟ್ಟಿದರೆ ಹಿಟ್ಟು.
ಉಜ್ಜಿದರೆ ಗಾಜು.

ಗಣಿ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷ,
ಗಣಿ ಮುಚ್ಚಿದ ಮೇಲೆ ನರ್ಸಿಂಗ್ ಹೋಮಿನಲ್ಲಿ ಇನ್ನಷ್ಟು.
ಗಾಯ ತೊಳೆಯದೆ ಬಟ್ಟೆ ಸುತ್ತಬೇಡಿರೇ ಎಂದು
ಎಷ್ಟು ಹುಡುಗಿಯರನ್ನು ಬೈದಿದ್ದೇನೆ!
ಅದೇ ನಾನು
ಧೂಳಿನ ಮೇಲೇ ಕವರ್ ಎಳೆದು
ಬೆಳಗ್ಗೆ ನೋಡಿದರೆ ಮೈತುಂಬ ಬೆಕ್ಕು ಪರಚಿದ ಗೆರೆ.

ಅದು ಮೊದಲನೆಯದು, ರಾಬರ್ಟ್‌ಸನ್‌ಪೇಟೆಯ ಸಂತೆಯದು,
ಆರುನೂರು ರೂಪಾಯಿಯ ಪ್ಲಾಸ್ಟಿಕ್,
ಮದುವೆ ಬ್ಯಾಂಡಿನವರ ಅಂಗಿಯಂತೆ ಬೆಳ್ಳಿ ಹೊಳಪು.
ಒಂದು ಮಳೆ ಕಳೆದು ಎತ್ತಿದೆ,
ಒಳಗಿಂದ ಬಿಸಿಯುಸಿರು, ಬೆವರು, ಮುಗ್ಗಲು.
ರಬ್ಬರ್ ಶೀಟಿನ ಮೇಲೆ ತಿಂಗಳುಗಟ್ಟಲೆ ಮಲಗಿದವರ
ಬೆನ್ನು ನೆನಪಾಯಿತು.
ಚಕ್ರದ ಮೇಲುಗಡೆ ಬಣ್ಣ ಬೊಬ್ಬೆ ಎದ್ದಿತ್ತು.

ಆಂಡರ್ಸನ್‌ಪೇಟೆಯಲ್ಲಿ ಸೀಟು ಹೊಲಿಯುವ ಖಾದರ್ ಷರೀಫ್
ಕೇಳಿ ನಗಲಿಲ್ಲ.
ತುಂಡು ಬಟ್ಟೆ ತುಟಿಗಿಟ್ಟು ಊದಿ,
ಇತ್ತ ನನ್ನ ಅಂಗೈಗೆ ಗಾಳಿ ತಾಕಿಸಿದ.
"ಉಸಿರಾಡೋದು ತಗೊಳ್ಳಿ ಸಿಸ್ಟರಮ್ಮ.
ಒಳಮೈ ಕೆನ್ನೆಗೆ ಉಜ್ಜಿ ನೋಡಿ,
ನಿಮಗೆ ಚುಚ್ಚಿದ್ದು ಗಾಡಿಗೂ ಚುಚ್ಚುತ್ತೆ."
ಬಾಯಲ್ಲಿ ಟೇಪು ಕಚ್ಚಿ ಅಳೆದ,
ಮದುಮಗನಿಗೆ ಅಳೆಯುವಂತೆ, ಸುತ್ತು ಬಂದು.
ಕನ್ನಡಿಗಳಿಗೆ ಎರಡು ಕಿವಿಚೀಲ.
ಸಡಿಲ ಬೇಡ,
ಗಾಳಿಗೆ ಪಟಪಟ ಅಂದರೆ ಅದೇ ಕೆರೆಯುತ್ತೆ ಅಂದ.
ಎರಡು ಸಾವಿರದ ಇನ್ನೂರು. ಕೊಟ್ಟೆ.

ಅಂದಿನಿಂದ ನೇಮ:
ಎಂಜಿನ್ ಆರುವ ತನಕ ಕಾಫಿ,
ಆಮೇಲೆ ಒಂದು ಬಕೆಟ್ ನೀರು.
ನಲ್ಲಿ ಬರುವುದು ಎಂಟು ದಿನಕ್ಕೊಮ್ಮೆ.
ಬಕೆಟ್ ಸದ್ದಾದರೆ ಸಾಕು,
ಗೋಡೆಯಾಚೆ ಜ್ಞಾನಪ್ರಕಾಶಂ ಕೆಮ್ಮುತ್ತಾನೆ.
ಆ ಕೆಮ್ಮಿನಲ್ಲಿ ಅರ್ಧ ಗಣಿಯದು,
ಅರ್ಧ ನನಗೆ.

ಗಾಳಿಗೆ ಎಲಾಸ್ಟಿಕ್ ಯಾವ ಲೆಕ್ಕ?
ಹೊಟ್ಟೆಯಡಿ ಪಟ್ಟಿ ತೂರಿಸಿದೆ, ಬಂಪರಿಗೆ ಹಗ್ಗ ಬಿಗಿದೆ,
ಥಿಯೇಟರಿನಲ್ಲಿ ಕಲಿತ ಗಂಟು, ಒಂದರ ಮೇಲೊಂದು, ಮೂರು.
ಯಾರು ಬಿಚ್ಚುತ್ತಾರೋ ನೋಡೋಣ
ಎಂದು ದಿಬ್ಬದ ಕಡೆ ತಿರುಗಿ ಹೇಳಿದ್ದೂ ಉಂಟು.

ರಾತ್ರಿ ಎರಡೂವರೆ. ಜಿಟಿಜಿಟಿ ಮಳೆ.
ಬಾಗಿಲು ಬಡಿದವಳು ಅವನ ಸೊಸೆ ಅಮಲಿ:
"ಮಾಮನಿಗೆ ಉಸಿರು ಸಿಗ್ತಿಲ್ಲ."
ನೂರೆಂಟು ಬಂಗಾರಪೇಟೆಯಲ್ಲಿದೆಯಂತೆ.
ಟಾರ್ಚು ಹಲ್ಲಲ್ಲಿ, ಮೊಣಕಾಲು ಕೆಸರಲ್ಲಿ.
ನೆನೆದ ಹಗ್ಗ, ನನ್ನದೇ ಗಂಟು,
ಉಗುರು ಮುರಿದರೂ ಜಪ್ಪಯ್ಯ ಅನ್ನಲಿಲ್ಲ.
ಜಗಲಿಯ ಮೇಲೆ ಅವನು, ಕೊಳಲಿನಂಥ ಸದ್ದು,
ಒಳಕ್ಕೊಂದು, ಹೊರಕ್ಕೊಂದು.
ಡ್ರೆಸ್ಸಿಂಗ್ ಕತ್ತರಿ ತಂದೆ.
ಪಟ್ಟಿಗೆ ಒಂದು ಕಚ್ಚು,
ಹಗ್ಗಕ್ಕೆ ಎರಡು.
ಕವರನ್ನು ಗಾಳಿ ಎತ್ತಿಕೊಂಡು ಹೋಯಿತು,
ನೋಡುತ್ತ ನಿಲ್ಲಲಿಲ್ಲ.

ಹಿಂದಿನ ಸೀಟಿನಲ್ಲಿ ಅವನನ್ನು ಕೂರಿಸಿಯೇ ಒಯ್ದೆವು, ಮಲಗಿಸದೆ.
ಫೈವ್ ಲೈಟ್ಸ್ ದಾಟುವಾಗ
ವೈಪರಿನ ಜೊತೆ ಉಸಿರು ಎಣಿಸುತ್ತಿದ್ದೆ,
ನಡುವೆ ಒಂದು ತಪ್ಪಿತು,
ಆಮೇಲೆ ಬಂತು.

ಬೆಳಗ್ಗೆ ಕವರ್ ಸಿಕ್ಕಿದ್ದು ಬೀದಿನಲ್ಲಿಯ ಪಕ್ಕ,
ಮೆತ್ತನೆಯ ಒಳಮೈ ಮೇಲಾಗಿ.
ಅದರ ಮೇಲೆ ಕರಿನಾಯಿ, ಮೂರು ಮರಿ.
ಕೆನ್ನೆಗೆ ಉಜ್ಜಿ ನೋಡಿ ಆರಿಸಿದಂತಿತ್ತು.
ಮರಿಗಳು ಕಣ್ಣು ಬಿಡುವ ತನಕ
ಕಾರು ಬರಿಮೈಯಲ್ಲೇ ನಿಂತಿತು.

ಷರೀಫ್ ಕತ್ತರಿಸಿದ ಪಟ್ಟಿ ತಿರುಗಿಸಿ ನೋಡಿದ,
ಗಂಟಿನ ಜಾಗಕ್ಕೆ ಚಿಟಿಕೆ ಬಕಲ್ ಹೊಲಿದ.
"ಗಾಳಿಗೆ ಬಿಚ್ಚಬಾರದು, ನೀವು ಎಳೆದರೆ ಬಿಚ್ಚಬೇಕು."
ದುಡ್ಡು ಬೇಡವೆಂದ. ನಾಯಿಯ ಕೂದಲು
ಎಷ್ಟು ಒಗೆದರೂ ಹೋಗಿಲ್ಲ.

ಜ್ಞಾನಪ್ರಕಾಶಂ ಮನೆಗೆ ಬಂದ ಮೂರನೇ ದಿನ
ಬಕೆಟ್ಟಿಗೆ ನೀರು ಬಿಟ್ಟೆ.
ಗೋಡೆಯಾಚೆ ಕೆಮ್ಮು,
ಸಣ್ಣದು, ಆದರೆ ನನ್ನ ಪಾಲು ಪೂರ್ತಿ ಇತ್ತು.
ಅರ್ಧದಲ್ಲೇ ಕಾರು ತೊಳೆದೆ,
ಉಳಿದರ್ಧ ಗೋಡೆಯ ಮೇಲಿಟ್ಟೆ.